ಚೇತಕ್ ಬಿಟ್ಟು ಕಾಮೊವ್ ಹಿಡಿದದ್ದು: ಒಂದು ಬಾಲ್ಸಾ ಹೆಲಿಕಾಪ್ಟರಿನ ಪ್ರಕರಣ ಅಧ್ಯಯನ

ಪ್ರಕರಣ ಇದು. ಬಾಲ್ಸಾ ಅನ್ನೋ ಹಗುರ ಮರದಲ್ಲಿ ಕಟ್ಟಿದ, ರಬ್ಬರ್ ಪಟ್ಟಿಯನ್ನು ತಿರುಚಿ ಸುತ್ತಿ, ಅದು ಬಿಚ್ಚಿಕೊಳ್ಳುವ ಬಲದಿಂದ ಹಾರಿಸಬೇಕಾದ ಒಂದು ಚೇತಕ್ ಹೆಲಿಕಾಪ್ಟರ್ ಮಾದರಿ. ಅಳತೆ 1:25, ಅಂದ್ರೆ ನಿಜವಾದದ್ದರ ಇಪ್ಪತ್ತೈದನೇ ಒಂದು ಭಾಗ. ಕಟ್ಟಿದವಳು ನನ್ನ ಅಕ್ಕನ ಮಗಳು, ಈಗ ಮೊದಲ ಪಿಯುಸಿ. ಕಿಟಕಿಗಳು, ಬಾಗಿಲಿನ ಗೆರೆ, ಬಾಲದ ತುದಿಯ ಪುಟ್ಟ ರೋಟರ್ (ತಿರುಗುವ ರೆಕ್ಕೆಗಳ ಜೋಡಣೆ) ಎಲ್ಲಾ ಇತ್ತು, ನೋಡೋಕೆ ತುಂಬಾ ಚೆನ್ನಾಗಿತ್ತು. ಆದರೆ ಹಾರಲಿಲ್ಲ. ಕೈ ಬಿಟ್ಟ ತಕ್ಷಣ ಒಡಲೇ ಗಿರಗಿರನೆ ತಿರುಗಿ ಮೇಜಿನ ಮೇಲಿಂದ ಉರುಳಿ ಬಿತ್ತು.

"ಮಾಮ, ರೆಕ್ಕೆ ತಿರುಗಬೇಕೋ ಹೆಲಿಕಾಪ್ಟರೇ ತಿರುಗಬೇಕೋ?" ಅಂತ ಕೇಳಿದಳು. ಕೇಳಬೇಕಾದ ಪ್ರಶ್ನೆಯೇ ಅದು. ಹಾರುವ ಹೆಲಿಕಾಪ್ಟರ್ ಮಾದರಿ ಕಟ್ಟುವವರು ಮರ ಮುಟ್ಟುವ ಮೊದಲೇ ಇದಕ್ಕೆ ಉತ್ತರ ಇಟ್ಟುಕೊಂಡಿರಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಯಾವ ಹೆಲಿಕಾಪ್ಟರಿನ ಮಾದರಿ ಅಂತ ಆರಿಸುವಾಗಲೇ ಅರ್ಧ ಕೆಲಸ ಮುಗಿದಿರುತ್ತದೆ, ಇಲ್ಲವೇ ಕೆಟ್ಟಿರುತ್ತದೆ.

ಚೇತಕ್ ಯಾಕೆ ಅಂತ ಅವಳನ್ನ ಕೇಳುವ ಅಗತ್ಯವೇ ಇರಲಿಲ್ಲ. ಬೆಂಗಳೂರಿನ ಪೂರ್ವಕ್ಕೆ ಬೆಳೆದ ಮಕ್ಕಳು ತಲೆ ಎತ್ತಿದರೆ ಕಾಣುತ್ತಿದ್ದ ಹೆಲಿಕಾಪ್ಟರ್ ಅದು. ಫ್ರೆಂಚರ ಅಲುಎಟ್ 3 ಮೊದಲು ಹಾರಿದ್ದು 1959ರಲ್ಲಿ. 1960ರ ದಶಕದಿಂದ ಎಚ್‌ಎಎಲ್ ಅದನ್ನು ಚೇತಕ್ ಅಂತ ಇಲ್ಲೇ ಕಟ್ಟಿತು. ಮೇಲೆ ಮೂರು ರೆಕ್ಕೆಯ ರೋಟರ್, ವ್ಯಾಸ ಸುಮಾರು 11 ಮೀಟರ್. 1:25ರಲ್ಲಿ ಅದು 44 ಸೆಂ.ಮೀ. ಆಗುತ್ತದೆ. ಕೈಯಲ್ಲಿ ಹಿಡಿಯೋಕೆ, ಕೋಣೆಯಲ್ಲಿ ಇಡೋಕೆ ಹದವಾದ ಗಾತ್ರ.

ಮೊದಲು ಮಾಡಿದ ಕೆಲಸ ತೂಕ ಹಾಕೋದು. 48 ಗ್ರಾಂ. ಆಮೇಲೆ ತಕ್ಕಡಿ ಮೇಲೆ ಉದ್ದದ ಖಾಲಿ ಬಾಟಲಿ ಇಟ್ಟು, ಅದರ ಮೇಲೆ ಮಾದರಿಯನ್ನು ಅಲ್ಲಾಡದ ಹಾಗೆ ಕಟ್ಟಿ, ರಬ್ಬರ್ ಸುತ್ತಿ ರೋಟರ್ ಬಿಟ್ಟೆವು. ಬಾಟಲಿ ಯಾಕಂದ್ರೆ, ರೋಟರ್ ಕೆಳಗೆ ತಳ್ಳುವ ಗಾಳಿ ನೇರ ತಕ್ಕಡಿಗೆ ಬಡಿದರೆ ಲೆಕ್ಕ ತಪ್ಪುತ್ತದೆ. ರೋಟರ್ ಜೋರಾಗಿ ತಿರುಗುವಾಗ ತಕ್ಕಡಿಯ ಅಂಕಿ ಎಷ್ಟು ಇಳಿಯಿತೋ ಅಷ್ಟೇ ಅದರ ಎತ್ತುವ ಬಲ. ಇಳಿದದ್ದು 9 ಗ್ರಾಂ. 48 ಗ್ರಾಂ ಎತ್ತಬೇಕು, ಎತ್ತುತ್ತಿರೋದು 9. ಅದೂ ಒಡಲನ್ನು ಕಟ್ಟಿ ಹಾಕಿದಾಗ. ಬಿಟ್ಟರೆ ಒಡಲೂ ತಿರುಗುತ್ತದೆ, ರಬ್ಬರಿನ ಸುತ್ತು ಒಡಲು ತಿರುಗಿಸೋದರಲ್ಲೇ ಖಾಲಿ ಆಗುತ್ತದೆ.

ಅಂದ್ರೆ ಕಾಯಿಲೆ ಎರಡು. ಒಂದು ತಿರುಚುವ ಬಲದ್ದು, ಇನ್ನೊಂದು ತೂಕದ್ದು.

ತಿರುಚುವ ಬಲದ ವಿಚಾರ ಮೊದಲು. ರಬ್ಬರ್ ರೋಟರನ್ನು ಒಂದು ಕಡೆ ಎಷ್ಟು ಬಲದಿಂದ ತಿರುಗಿಸುತ್ತದೋ ಅಷ್ಟೇ ಬಲದಿಂದ ಒಡಲನ್ನು ಇನ್ನೊಂದು ಕಡೆ ತಿರುಗಿಸುತ್ತದೆ. ಇದರಿಂದ ತಪ್ಪಿಸಿಕೊಳ್ಳೋಕೆ ದಾರಿ ಇಲ್ಲ. ನಿಜವಾದ ಚೇತಕ್‌ನಲ್ಲಿ ಬಾಲದ ತುದಿಯ ರೋಟರ್ ಗಾಳಿಯನ್ನು ಪಕ್ಕಕ್ಕೆ ತಳ್ಳಿ ಒಡಲನ್ನು ನೇರ ಹಿಡಿಯುತ್ತದೆ. ಎಂಜಿನ್ನಿಂದ ಬಾಲದವರೆಗೆ ಉದ್ದದ ಶಾಫ್ಟ್ ಹೋಗಿರುತ್ತದೆ. ಇವಳ ಮಾದರಿಯಲ್ಲಿ ಬಾಲದ ರೋಟರ್ ಬರೀ ಅಲಂಕಾರ.

ರಬ್ಬರ್ ಮಾದರಿಯಲ್ಲಿ ಬಾಲದ ರೋಟರನ್ನು ನಿಜವಾಗಿ ತಿರುಗಿಸೋಕೆ ಆಗದು ಅಂತಲ್ಲ. ಆದರೆ ಹಲ್ಲುಚಕ್ರ ಬೇಕು, ಶಾಫ್ಟ್ ಬೇಕು, ಬಾಲದ ತುದಿಯಲ್ಲಿ ಬೇರಿಂಗ್ ಬೇಕು. ಅಲ್ಲಿ ಒಂದು ಗ್ರಾಂ ಜಾಸ್ತಿ ಆದರೆ ಸಮತೋಲಕ್ಕೆ ಮೂಗಿನಲ್ಲಿ ಮೂರ್ನಾಲ್ಕು ಗ್ರಾಂ ಹೇರಬೇಕು. ಪ್ರತಿ ಹಲ್ಲೂ ಒಂದಿಷ್ಟು ಶಕ್ತಿ ತಿನ್ನುತ್ತದೆ. ಬಾಲದ ಬಟ್ಟನ್ನು (ಬಾಲದಲ್ಲಿ ನೆಟ್ಟಗೆ ನಿಂತ ಚಪ್ಪಟೆ ಹಲಗೆ) ದೊಡ್ಡದು ಮಾಡಿ ಗಾಳಿಯ ತಡೆಯಿಂದ ತಿರುಗೋದನ್ನು ನಿಧಾನ ಮಾಡಬಹುದು, ಆದರೆ ನಿಲ್ಲಿಸೋಕೆ ಆಗೋದಿಲ್ಲ, ಮೇಲಾಗಿ ಅದು ಚೇತಕ್ ಥರ ಕಾಣೋದೂ ಇಲ್ಲ. ಅವಳಿಗೆ ಇದು ಒಪ್ಪಿಗೆಯಾಗಲಿಲ್ಲ. ನನಗೂ ಇಲ್ಲ.

ಉತ್ತರ 1870ರಲ್ಲೇ ಸಿಕ್ಕಿತ್ತು. ಅಲ್ಫಾನ್ಸ್ ಪೆನೊ ಅನ್ನೋ ಫ್ರೆಂಚ್ ಯುವಕ ತಿರುಚಿದ ರಬ್ಬರಿನಿಂದ ಹಾರುವ ಪುಟ್ಟ ಹೆಲಿಕಾಪ್ಟರ್ ಮಾಡಿದ. ಒಂದು ರೋಟರ್ ಮೇಲೆ, ಇನ್ನೊಂದು ಕೆಳಗೆ, ನಡುವೆ ರಬ್ಬರ್. ರಬ್ಬರಿನ ಒಂದು ತುದಿ ಮೇಲಿನದನ್ನು ಬಲಕ್ಕೆ ತಿರುಗಿಸಿದರೆ ಇನ್ನೊಂದು ತುದಿ ಕೆಳಗಿನದನ್ನು ಎಡಕ್ಕೆ ತಿರುಗಿಸುತ್ತದೆ. ಚೇತಕ್‌ನಲ್ಲಿ ನಮಗೆ ಕಾಟ ಕೊಟ್ಟ ಅದೇ ಎದುರು ಬಲ ಇಲ್ಲಿ ಎರಡನೇ ರೋಟರಿಗೆ ದುಡಿಯುತ್ತದೆ. ಇದರಲ್ಲಿ ನನಗೆ ತುಂಬಾ ಇಷ್ಟವಾಗುವ ಸಂಗತಿ ಒಂದಿದೆ. ರಬ್ಬರಿನ ಬಲ ಶುರುವಿನಲ್ಲಿ ಜಾಸ್ತಿ, ಕೊನೆಗೆ ಕಡಿಮೆ, ಆದರೆ ಯಾವ ಕ್ಷಣ ನೋಡಿದರೂ ಎರಡೂ ತುದಿಯಲ್ಲಿ ಸಮ. ಹಾಗಾಗಿ ಹೊಂದಾಣಿಕೆ ಮಾಡುವ ಯಾವ ಯಂತ್ರವೂ ಬೇಡ.

1878ರಲ್ಲಿ ಅಮೆರಿಕದ ಮಿಲ್ಟನ್ ರೈಟ್ ಇದೇ ಬಗೆಯ ಆಟಿಕೆಯನ್ನು ತನ್ನ ಮಕ್ಕಳಿಗೆ ತಂದುಕೊಟ್ಟ. ಆ ಮಕ್ಕಳು ವಿಲ್ಬರ್ ಮತ್ತು ಆರ್ವಿಲ್, ಮುಂದೆ ವಿಮಾನ ಹಾರಿಸಿದ ರೈಟ್ ಸಹೋದರರು. ಅದು ಮುರಿದ ಮೇಲೆ ತಾವೇ ಮಾಡಿಕೊಂಡರು, ಒಂದಕ್ಕಿಂತ ಒಂದು ದೊಡ್ಡದಾಗಿ. ದೊಡ್ಡದು ಮಾಡಿದಷ್ಟೂ ಕಡಿಮೆ ಹಾರಿತು. ಅದರ ಕಾರಣ ಅವರಿಗೆ ಆಗ ಗೊತ್ತಾಗಲಿಲ್ಲ. ಉದ್ದ ಅಗಲ ದಪ್ಪ ಎಲ್ಲಾ ಎರಡು ಪಟ್ಟು ಮಾಡಿದರೆ ತೂಕ ಎಂಟು ಪಟ್ಟು ಆಗುತ್ತೆ, ರೋಟರಿನ ಸುತ್ತಳತೆಯೊಳಗಿನ ಜಾಗ ನಾಲ್ಕೇ ಪಟ್ಟು. ಇದನ್ನ ಹುಡುಗಿಗೆ ಹೇಳಿದ್ದಕ್ಕೆ ಕಾರಣ ಇತ್ತು: ಹಾರದ ಮಾದರಿಯನ್ನು ಇನ್ನೂ ದೊಡ್ಡ ಅಳತೆಯಲ್ಲಿ ಕಟ್ಟಿ, ದಪ್ಪ ರಬ್ಬರ್ ಹಾಕಿ ನೋಡೋಣ ಅಂತ ಅವಳು ಯೋಚಿಸುತ್ತಿದ್ದಳು.

ಹಾಗಾದರೆ ನಿಜವಾದ ಹೆಲಿಕಾಪ್ಟರುಗಳಲ್ಲಿ ಒಂದರ ಮೇಲೊಂದು ರೋಟರ್ ಇರೋದು ಯಾರದ್ದು? ರಷ್ಯಾದ ಕಾಮೊವ್ ಕಂಪನಿಯದ್ದು. ನಮ್ಮ ನೌಕಾಪಡೆಯಲ್ಲೂ ಕಾ-25, ಕಾ-28, ಕಾ-31 ಎಲ್ಲಾ ಬಂದಿವೆ. ಬಾಲದ ರೋಟರೇ ಇಲ್ಲದ್ದರಿಂದ ಉದ್ದ ಕಡಿಮೆ, ಹಡಗಿನ ಚಿಕ್ಕ ಜಾಗದಲ್ಲಿ ಇಳಿಯೋಕೆ ಅನುಕೂಲ. ಆದರೆ ನಾವು ಆರಿಸಿದ್ದು ಅದೇ ಮನೆತನದ ಕಾ-26. 1965ರಲ್ಲಿ ಮೊದಲು ಹಾರಿದ್ದು, ಹೊಲಗಳಿಗೆ ಔಷಧಿ ಸಿಂಪಡಿಸೋಕೆ ತುಂಬಾ ಬಳಕೆಯಾದದ್ದು. ಮುಂದೆ ಪೈಲಟ್ ಕೂರುವ ಕ್ಯಾಬಿನ್, ಹಿಂದೆ ಬಿಚ್ಚಿ ಬದಲಾಯಿಸಬಹುದಾದ ಡಬ್ಬಿಯಂಥ ಭಾಗ, ಎರಡು ಪಕ್ಕ ಒಂದೊಂದು ಎಂಜಿನ್, ಹಿಂದಕ್ಕೆ ಎರಡು ತೆಳ್ಳನೆ ಬಾಲದ ತೊಲೆ. ಹಿಂದಿನ ಡಬ್ಬಿ ಇಲ್ಲದೆಯೂ ಅದು ಹಾರುತ್ತದೆ. ಅಂದ್ರೆ ಮಾದರಿಯಲ್ಲೂ ಅದನ್ನು ಬಿಡಬಹುದು, ಯಾರೂ ತಪ್ಪು ಅನ್ನೋಕೆ ಆಗಲ್ಲ, ತೂಕ ಉಳಿಯಿತು. ರೋಟರಿನ ವ್ಯಾಸ 13 ಮೀಟರ್, 1:25ರಲ್ಲಿ 52 ಸೆಂ.ಮೀ. ಚೇತಕ್‌ಗಿಂತ ದೊಡ್ಡ ರೋಟರ್, ಚಿಕ್ಕ ಒಡಲು. ನಮಗೆ ಬೇಕಾದದ್ದು ಇದೇ.

ಇನ್ನು ತೂಕ. ಒಂದೇ ಜಾಗದಲ್ಲಿ ತೇಲಿ ನಿಲ್ಲೋಕೆ ಬೇಕಾದ ಶಕ್ತಿ ತೂಕದ ಜೊತೆ ಸಮನಾಗಿ ಏರೋದಿಲ್ಲ, ಅದಕ್ಕಿಂತ ಜೋರಾಗಿ ಏರುತ್ತದೆ. ಅದೇ ರೋಟರ್, ತೂಕ ಎರಡು ಪಟ್ಟಾದರೆ ಶಕ್ತಿ ಸುಮಾರು 2.8 ಪಟ್ಟು ಬೇಕು. ರೋಟರ್ ಅಗಲವಾದಷ್ಟೂ ಶಕ್ತಿ ಕಡಿಮೆ ಸಾಕು. ಹೊಸ ಮಾದರಿಗೆ 18 ಗ್ರಾಂ ಅಂತ ಗುರಿ ಇಟ್ಟೆವು. 48 ಗ್ರಾಂ, 44 ಸೆಂ.ಮೀ. ರೋಟರಿನ ಚೇತಕ್‌ಗೆ ಹೋಲಿಸಿದರೆ 18 ಗ್ರಾಂ, 52 ಸೆಂ.ಮೀ. ರೋಟರಿನ ಕಾ-26ಗೆ ಬೇಕಾದ ಶಕ್ತಿ ಐದನೇ ಒಂದು ಭಾಗ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿರೋದರಿಂದ ಇಲ್ಲಿನ ಗಾಳಿ ಕಾರವಾರದ ಗಾಳಿಗಿಂತ ಸುಮಾರು ನೂರಕ್ಕೆ ಹತ್ತರಷ್ಟು ತೆಳು. ಅದಕ್ಕೂ ಸ್ವಲ್ಪ ಶಕ್ತಿ ಜಾಸ್ತಿ ಬೇಕು, ಆದರೆ ತೂಕದ ಮುಂದೆ ಅದು ಏನೂ ಅಲ್ಲ.

ಚೇತಕ್ ಅಷ್ಟು ತೂಕ ಆಗಿದ್ದು ಹೇಗೆ? ಮರ ಮತ್ತು ಬಣ್ಣ. ಬಾಲ್ಸಾ ಅಂದ್ರೆ ಹಗುರ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಆದರೆ ಬಾಲ್ಸಾ ಬಾಲ್ಸಾಗಳ ನಡುವೆ ಅಜಗಜಾಂತರ. 1.5 ಮಿ.ಮೀ. ದಪ್ಪ, ಮೂರು ಇಂಚು ಅಗಲ, ಮೂರು ಅಡಿ ಉದ್ದದ ಹಾಳೆ ತಗೊಳ್ಳಿ. ಒಂದು ಹಾಳೆ 11 ಗ್ರಾಂ ತೂಗುತ್ತದೆ, ಪಕ್ಕದಲ್ಲೇ ಇದ್ದ ಇನ್ನೊಂದು 22 ತೂಗುತ್ತದೆ. ಬೆಲೆ ಒಂದೇ, ಅಳತೆ ಒಂದೇ, ನೋಡೋಕೂ ಒಂದೇ. ಹಾಗಾಗಿ ಅಂಗಡಿಗೆ ಹೋಗುವಾಗ ಪುಟ್ಟ ಡಿಜಿಟಲ್ ತಕ್ಕಡಿ ಜೊತೆಗಿರಲಿ. ಅಂಗಡಿಯವರು ಬೇಜಾರು ಮಾಡಿಕೊಳ್ಳೋದಿಲ್ಲ, ಕೇಳಿ ನೋಡಿ. ಮನೆಗೆ ಬಂದ ಮೇಲೆ ಪ್ರತಿ ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ ತೂಕ ಬರೆದಿಡಿ.

ತೂಕದಷ್ಟೇ ಮುಖ್ಯ ಮರದ ಎಳೆ. ದಿಮ್ಮಿಯನ್ನು ಯಾವ ಕಡೆಯಿಂದ ಕೊಯ್ದಿದ್ದಾರೆ ಅನ್ನೋದರ ಮೇಲೆ ಹಾಳೆಯ ಗುಣ ಬದಲಾಗುತ್ತದೆ. ಉದ್ದುದ್ದ ಎಳೆ ಕಾಣುವ ಹಾಳೆ ಅಡ್ಡಕ್ಕೆ ಸುಲಭವಾಗಿ ಬಾಗುತ್ತದೆ, ಕೊಳವೆ ಸುತ್ತೋಕೆ ಅದು. ಮೇಲ್ಮೈಯಲ್ಲಿ ಹೊಳೆಯುವ ಚುಕ್ಕೆ ಚುಕ್ಕೆ ಕಾಣುವ ಹಾಳೆ ಬಾಗೋದೇ ಇಲ್ಲ, ಬಲವಂತ ಮಾಡಿದರೆ ಸೀಳುತ್ತದೆ, ಒಡಲಿನ ಅಡ್ಡ ಚೌಕಟ್ಟುಗಳಿಗೆ ಅದು. ಚೇತಕ್‌ನ ಮೂಗಿಗೆ ಹುಡುಗಿ ಈ ಚುಕ್ಕೆ ಹಾಳೆಯನ್ನೇ ಬಗ್ಗಿಸೋಕೆ ಹೋಗಿ, ಸೀಳಿದಲ್ಲೆಲ್ಲಾ ಸೂಪರ್ ಗ್ಲೂ ತುಂಬಿದ್ದಳು. ಅಂಟೇ ಎಷ್ಟೋ ಗ್ರಾಂ ಆಗಿತ್ತು. ಅದರ ಮೇಲೆ ಎನಾಮೆಲ್ ಬಣ್ಣ ಎರಡು ಕೈ.

ಈಗ ಹೊಸದರ ಹೃದಯಕ್ಕೆ ಬರೋಣ. ರಬ್ಬರ್ ಇರುವ ಕೊಳವೆ.

0.8 ಮಿ.ಮೀ. ಹಾಳೆಯಿಂದ 15 ಸೆಂ.ಮೀ. ಉದ್ದದ ತುಂಡು ಕತ್ತರಿಸಿ ಬಿಸಿನೀರಿನಲ್ಲಿ ನೆನೆಸಿದೆವು. ಮೆತ್ತಗಾದ ಮೇಲೆ 18 ಮಿ.ಮೀ. ದಪ್ಪದ ಕೋಲಿಗೆ ಸುತ್ತಿ, ಮೇಲೆ ಬ್ಯಾಂಡೇಜ್ ಬಟ್ಟೆ ಬಿಗಿದು, ಪೂರ್ತಿ ಒಣಗೋಕೆ ಬಿಟ್ಟೆವು. ಬಿಚ್ಚಿದಾಗ ಅದು ಕೊಳವೆಯ ಆಕಾರದಲ್ಲೇ ನಿಂತಿತ್ತು. ಅಂಚನ್ನು ಅಂಟಿಸಿ, ಮೇಲೆ ಟಿಶ್ಯೂ ಕಾಗದ ಓರೆಯಾಗಿ ಸುತ್ತಿ ತೆಳ್ಳನೆ ಡೋಪ್ (ಕಾಗದವನ್ನು ಬಿಗಿ ಮಾಡುವ ಮೆರುಗು) ಬಳಿದರೆ ಆಯಿತು. ಕಾಗದ ಬೇಕೇ ಬೇಕು. ತಿರುಚಿದ ರಬ್ಬರ್ ಕೊಳವೆಯನ್ನು ಹಿಂಡುತ್ತದೆ, ಕಾಗದ ಇಲ್ಲದಿದ್ದರೆ ಮರದ ಎಳೆಯ ಉದ್ದಕ್ಕೂ ಬಿರುಕು ಬಿಡುತ್ತದೆ. ಇಷ್ಟೆಲ್ಲಾ ಆದ ಮೇಲೂ ಕೊಳವೆ ಒಂದೂವರೆ ಗ್ರಾಂ ದಾಟಲಿಲ್ಲ.

ಈ ಕೊಳವೆಯೇ ಕೆಳಗಿನ ರೋಟರಿನ ಅಚ್ಚು. ಅದರ ಮೂರು ರೆಕ್ಕೆ ಕೊಳವೆಗೇ ಅಂಟಿವೆ, ಕೊಳವೆ ತಿರುಗಿದರೆ ಅವೂ ತಿರುಗುತ್ತವೆ. ಕೊಳವೆಯ ಮೇಲ್ತುದಿಯಲ್ಲಿ ಬಾಲ್ಸಾ ಬಿರಡೆ, ಅದರ ನಡುವೆ ಬಾಲ್‌ಪೆನ್ ರೀಫಿಲ್ಲಿನ ತುಂಡು, ಅದರೊಳಗೆ 0.8 ಮಿ.ಮೀ. ಉಕ್ಕಿನ ತಂತಿ. ತಂತಿಯ ಮೇಲೆ ಮೇಲಿನ ರೋಟರ್, ಒಳಗೆ ಕೊಕ್ಕೆ. ರೋಟರಿಗೂ ರೀಫಿಲ್ಲಿಗೂ ನಡುವೆ ಒಂದು ಗಾಜಿನ ಮಣಿ. ಕೊಳವೆಯ ಕೆಳತುದಿಯಲ್ಲಿ ತೆಗೆದು ಹಾಕಬಹುದಾದ ಇನ್ನೊಂದು ಬಿರಡೆ, ರಬ್ಬರಿನ ಆಚೆ ತುದಿ ಅದರ ಕೊಕ್ಕೆಗೆ. ಒಡಲಿಗೂ ರಬ್ಬರಿಗೂ ಸಂಬಂಧವೇ ಇಲ್ಲ. ಕೊಳವೆ ಒಡಲಿನ ಒಳಗಿಂದ ಹಾದು ಹೋಗುತ್ತದೆ ಅಷ್ಟೇ, ಒಡಲು ಅದಕ್ಕೆ ನೇತಾಡಿಕೊಂಡಿರುತ್ತದೆ. ನಿಜವಾದ ಕಾ-26ರ ಕಂಬಕ್ಕಿಂತ ಈ ಕೊಳವೆ ದಪ್ಪ, ಗೊತ್ತಿರುವವರಿಗೆ ಕಣ್ಣಿಗೆ ಹೊಡೆಯುತ್ತದೆ. ಹಾರಬೇಕಾದರೆ ಅಷ್ಟು ಒಪ್ಪಿಕೊಳ್ಳಲೇಬೇಕು.

ರೆಕ್ಕೆಗಳಿಗೆ ಮನೆ ಕಟ್ಟುವಾಗ ಉಳಿದ 110 ಮಿ.ಮೀ. ಪಿವಿಸಿ ಪೈಪು ಕೆಲಸಕ್ಕೆ ಬಂತು. ನೆನೆಸಿದ ಬಾಲ್ಸಾ ಪಟ್ಟಿಯನ್ನು ಪೈಪಿನ ಉದ್ದಕ್ಕೆ ಇಟ್ಟು, ಮೂರು ಡಿಗ್ರಿ ಮಾತ್ರ ಓರೆ ಮಾಡಿ ಕಟ್ಟಿ ಒಣಗಿಸಿದರೆ ಎರಡು ಕೆಲಸ ಒಟ್ಟಿಗೆ ಆಗುತ್ತದೆ. ಅಡ್ಡಕ್ಕೆ ಹದವಾದ ಬಾಗು ಬರುತ್ತದೆ, ಉದ್ದಕ್ಕೆ ತಿರುಚು ಬರುತ್ತದೆ, ಬುಡದಲ್ಲಿ ಜಾಸ್ತಿ ಕೋನ, ತುದಿಯಲ್ಲಿ ಕಡಿಮೆ. ತುದಿ ವೇಗವಾಗಿ ಹೋಗುವುದರಿಂದ ಅಲ್ಲಿ ಕೋನ ಕಡಿಮೆಯೇ ಇರಬೇಕು. ಮೇಲಿನ ಮೂರು ರೆಕ್ಕೆಗೆ ಓರೆ ಒಂದು ಕಡೆ, ಕೆಳಗಿನ ಮೂರಕ್ಕೆ ಇನ್ನೊಂದು ಕಡೆ. ಇದನ್ನು ಮರೆತರೆ ಆರೂ ಒಂದೇ ಕಡೆಗೆ ತಿರುಚಿದವು ಆಗಿಬಿಡುತ್ತವೆ. ಆಮೇಲೆ ಉಪ್ಪುಕಾಗದದಿಂದ ಉಜ್ಜಿ, ಪ್ರತಿಯೊಂದನ್ನೂ ತೂಗಿ, ಅರ್ಧ ಗ್ರಾಂ ಆಸುಪಾಸಿಗೆ ತಂದು, ಒಂದೇ ತೂಕದವನ್ನು ಒಂದು ರೋಟರಿಗೆ ಜೋಡಿಸಿದೆವು. ಒಂದು ರೆಕ್ಕೆ ಭಾರವಾದರೂ ಇಡೀ ಮಾದರಿ ನಡುಗುತ್ತದೆ.

ಕೋನದ ಬಗ್ಗೆ ಒಂದು ಮಾತು. ಕೆಳಗಿನ ರೋಟರ್ ಮೇಲಿನದು ತಳ್ಳಿದ ಗಾಳಿಯಲ್ಲಿ ತಿರುಗುತ್ತದೆ. ಎರಡಕ್ಕೂ ಒಂದೇ ಕೋನ ಕೊಟ್ಟರೆ ಕೆಳಗಿನದಕ್ಕೆ ಗಾಳಿಯ ಹಿಡಿತ ಸಾಲದೆ ಅದು ಸುಮ್ನೆ ಜೋರಾಗಿ ಓಡುತ್ತದೆ. ಅದಕ್ಕೇ ಬುಡದಿಂದ ಮುಕ್ಕಾಲು ದೂರದಲ್ಲಿ ಮೇಲಿನದಕ್ಕೆ 10 ಡಿಗ್ರಿ, ಕೆಳಗಿನದಕ್ಕೆ 13 ಡಿಗ್ರಿ ಇಟ್ಟೆವು. ರಟ್ಟಿನಲ್ಲಿ ಕತ್ತರಿಸಿದ ಎರಡು ತ್ರಿಕೋನ ಸಾಕು, ಅಳೆಯೋಕೆ ಬೇರೇನೂ ಬೇಡ.

ಒಡಲು 1.5 ಮಿ.ಮೀ. ಚೌಕದ ಕಡ್ಡಿಗಳ ಚೌಕಟ್ಟು, ಮೇಲೆ ಟಿಶ್ಯೂ. ಎಂಜಿನ್ನುಗಳು ಟೊಳ್ಳು ಕಾಗದದ ಸುರುಳಿ. ಬಣ್ಣದ ಟಿಶ್ಯೂ ಬಳಸಿದ್ದರಿಂದ ಬಣ್ಣ ಬಳಿಯುವ ಪ್ರಶ್ನೆಯೇ ಬರಲಿಲ್ಲ. ಬಾಲದ ತೊಲೆಗಳಿಗೆ ಇದ್ದುದರಲ್ಲೇ ಅತಿ ಹಗುರ ಮರ. ಹೀಗೆ ಮಾಡಿಯೂ ಹಿಂಭಾಗ ಸ್ವಲ್ಪ ತೂಗುತ್ತಿತ್ತು, ಕ್ಯಾಬಿನ್ನಿನ ನೆಲಕ್ಕೆ ಕಡಲೆಕಾಳಿನಷ್ಟು ಜೇಡಿ ಅಂಟಿಸಿ ಭಾರದ ನಡುವನ್ನು ಕೊಳವೆಯ ನೇರ ಕೆಳಕ್ಕೆ ತಂದೆವು. ಅದು ಅತ್ತಿತ್ತ ಆದರೆ ಇಡೀ ಹೆಲಿಕಾಪ್ಟರ್ ಓರೆಯಾಗಿ ಆ ಕಡೆಗೇ ಓಡುತ್ತದೆ.

ಇಷ್ಟಾದರೂ ಮೊದಲ ಸಲ ರಬ್ಬರ್ ಬಿಟ್ಟಾಗ ಒಡಲು ಮತ್ತೆ ತಿರುಗಿತು. ಚೇತಕ್‌ನಷ್ಟು ಜೋರಾಗಿ ಅಲ್ಲ, ನಿಧಾನವಾಗಿ, ಆದರೆ ನಿಲ್ಲದೆ. ಹುಡುಗಿಯ ಮುಖ ಸಪ್ಪಗಾಯಿತು. ರಬ್ಬರಿಗೂ ಒಡಲಿಗೂ ಸಂಬಂಧ ಇಲ್ಲ ಅಂದ ಮೇಲೆ ತಿರುಗಿಸುತ್ತಿರೋದು ಯಾರು?

ಘರ್ಷಣೆ. ಒಡಲಿನ ಮೇಲ್ಭಾಗದಲ್ಲಿ ಕೊಳವೆ ಹಾದುಹೋಗುವ ಒಂದು ಉಂಗುರ ಇತ್ತು, ಒಡಲಿನ ಪೂರ್ತಿ ಭಾರ ಆ ಉಂಗುರದ ಮೂಲಕ ಕೊಳವೆಯ ಸುತ್ತಿನ ಒಂದು ಅಂಚಿನ ಮೇಲೆ ಕೂತಿತ್ತು. ಉಜ್ಜುವ ಜಾಗ ಅಚ್ಚಿನ ನಡುವಿನಿಂದ 9 ಮಿ.ಮೀ. ದೂರ. ಬಾಗಿಲನ್ನು ಹಿಡಿಕೆಯ ಹತ್ತಿರ ತಳ್ಳಿದರೆ ಸುಲಭ, ಕೀಲಿನ ಹತ್ತಿರ ತಳ್ಳಿದರೆ ಅಲ್ಲಾಡೋದೇ ಇಲ್ಲ ಅಲ್ವಾ, ಅದೇ ಲೆಕ್ಕ ಇಲ್ಲೂ. ಉಜ್ಜುವ ಜಾಗ ನಡುವಿಗೆ ಹತ್ತಿರ ಬಂದಷ್ಟೂ ಒಡಲನ್ನು ತಿರುಗಿಸುವ ಬಲ ಕಡಿಮೆ. ಹಾಗಾಗಿ ಕೆಳಗಿನ ಬಿರಡೆಯಿಂದ 0.8 ಮಿ.ಮೀ. ತಂತಿಯ ಮೊಳೆ ಇಳಿಬಿಟ್ಟು, ಒಡಲಿನ ನೆಲದ ತೂತಿನಿಂದ ಹೊರಗೆ ತಂದು, ಕೆಳಗೆ ಒಂದು ಮಣಿ ಪೋಣಿಸಿ, ಅದು ಜಾರದ ಹಾಗೆ ವೈರಿನ ಪ್ಲಾಸ್ಟಿಕ್ ಹೊದಿಕೆಯ ತುಣುಕು ಸಿಕ್ಕಿಸಿದೆವು. ಈಗ ಒಡಲು ಕೂರೋದು ಮಣಿಯ ಮೇಲೆ, ನಡುವಿನಿಂದ ಅರ್ಧ ಮಿ.ಮೀ. ದೂರದಲ್ಲಿ. ಮೇಲಿನ ಉಂಗುರವನ್ನು ಅಗಲ ಮಾಡಿ, ಕೊಳವೆ ವಾಲದ ಹಾಗೆ ನೋಡಿಕೊಳ್ಳುವಷ್ಟಕ್ಕೆ ಮಾತ್ರ ಬಿಟ್ಟೆವು. ಒಡಲು ನಿಂತಿತು. ಇನ್ನೂ ಉಳಿದಿದ್ದ ಸಣ್ಣ ಎಳೆತವನ್ನು ಬಾಲದ ಎರಡು ಬಟ್ಟುಗಳೇ ಹಿಡಿದುಕೊಂಡವು, ಅವು ರೋಟರಿನ ಗಾಳಿಯ ಕೆಳಗೇ ಇವೆಯಲ್ಲ. ಈ ಇಡೀ ಪ್ರಕರಣದಲ್ಲಿ ನನಗೆ ಅತಿ ಖುಷಿ ಕೊಟ್ಟ ಭಾಗ ಇದು. ಗ್ರಾಂನ ಹತ್ತನೇ ಒಂದು ಭಾಗವೂ ತೂಗದ ಒಂದು ಮಣಿ ಮತ್ತು ಒಂದು ತುಂಡು ತಂತಿ, ಅಷ್ಟೇ.

ರಬ್ಬರ್ 3 ಮಿ.ಮೀ. ಅಗಲದ್ದು, ನಾಲ್ಕು ಎಳೆ, ಎರಡೂವರೆ ಗ್ರಾಂ. ಅದಕ್ಕೆ ಹರಳೆಣ್ಣೆ ಸವರಿ. ವ್ಯಾಸಲೀನ್, ಯಂತ್ರದ ಎಣ್ಣೆ ಯಾವುದೂ ಬೇಡ, ಪೆಟ್ರೋಲಿಯಂ ಪದಾರ್ಥ ರಬ್ಬರನ್ನು ತಿಂದು ಹಾಕುತ್ತದೆ. ಸುತ್ತುವಾಗ ಕೆಳಗಿನ ಬಿರಡೆಯನ್ನು ಹೊರಗೆಳೆದು, ರಬ್ಬರನ್ನು ಮೂರು ನಾಲ್ಕು ಪಟ್ಟು ಹಿಗ್ಗಿಸಿ ಹಿಡಿದು, ಕೈ ಡ್ರಿಲ್ಲಿನಿಂದ ಸುತ್ತುತ್ತಾ ಸುತ್ತುತ್ತಾ ಹತ್ತಿರ ಬರಬೇಕು. ಹಿಗ್ಗಿಸದೆ ಸುತ್ತಿದರೆ ಹಿಡಿಯಬೇಕಾದ ಸುತ್ತುಗಳಲ್ಲಿ ಅರ್ಧದಷ್ಟೂ ಹಿಡಿಯೋದಿಲ್ಲ, ಗಂಟುಗಳು ಒಂದೇ ಕಡೆ ಸೇರಿ ಕೊಳವೆಗೆ ತಾಗುತ್ತವೆ. ಮಾದರಿಯನ್ನು ಒಬ್ಬರು ಹಿಡಿದುಕೊಳ್ಳಬೇಕು, ಇನ್ನೊಬ್ಬರು ಸುತ್ತಬೇಕು. ಸುತ್ತುವವರಿಗೆ ಕನ್ನಡಕ ಇರಲಿ.

ಹಾರಿಸಿದ್ದು ಕಲ್ಯಾಣ ಮಂಟಪವೊಂದರಲ್ಲಿ, ಮದುವೆ ಇಲ್ಲದ ದಿನ, ಫ್ಯಾನ್ ಎಲ್ಲಾ ಆರಿಸಿ. ಇಷ್ಟು ಹಗುರದ್ದಕ್ಕೆ ಬಯಲಿನ ಗಾಳಿ ಆಗಿಬರೋದಿಲ್ಲ. ಮೊದಲು ರಬ್ಬರ್ ಹಿಡಿಯುವ ಸುತ್ತುಗಳಲ್ಲಿ ಅರ್ಧದಷ್ಟು ಮಾತ್ರ ಕೊಟ್ಟು ಬಿಟ್ಟಾಗ ಮೊಣಕಾಲೆತ್ತರಕ್ಕೆ ಏರಿ ಇಳಿಯಿತು. ಆಮೇಲೆ ಜಾಸ್ತಿ ಸುತ್ತಿ ಬಿಟ್ಟಾಗ ಕೈಯಿಂದ ನೇರ ಎದ್ದು, ಆಳೆತ್ತರ ದಾಟಿ, ಒಡಲು ಅತ್ತ ಸ್ವಲ್ಪ ಇತ್ತ ಸ್ವಲ್ಪ ತೂಗಾಡಿ, ಹದಿನೈದು ಸೆಕೆಂಡಿನ ಆಸುಪಾಸು ಗಾಳಿಯಲ್ಲಿತ್ತು. ಮಂಟಪ ನೋಡಿಕೊಳ್ಳುವ ಅಜ್ಜ ಬಾಗಿಲಲ್ಲೇ ನಿಂತುಬಿಟ್ಟಿದ್ದರು. "ಇನ್ನೊಂದ್ಸಲ ಬಿಡಮ್ಮ" ಅಂತ ಅವರೇ ಕೇಳಿದರು.

ತೊಂದರೆ ಉಳಿದಿಲ್ಲ ಅಂತಲ್ಲ. ರಬ್ಬರ್ ಮುಗಿಯುತ್ತಾ ಬಂದಾಗ ಇಳಿಯುವ ವೇಗ ಜಾಸ್ತಿ, ಮುಂದಿನ ಚಕ್ರದ ಕಾಲುಗಳು ಬಾಗುತ್ತವೆ. ಆ ಕಾಲುಗಳನ್ನು ತಂತಿ ಬಿಟ್ಟು ತೆಳ್ಳನೆ ಬಿದಿರ ಕಡ್ಡಿಯಲ್ಲಿ ಮಾಡಿ ನೋಡಬೇಕು ಅಂತಿದೆ. ಗೋಡೆಗೆ ತಾಗಿದರೆ ರೆಕ್ಕೆಯ ತುದಿ ಸೀಳುತ್ತದೆ, ಹಾಗಾಗಿ ತುದಿಗಳ ಅಂಚಿಗೆ ಟಿಶ್ಯೂ ಸುತ್ತಿದ್ದೇವೆ, ಪೈಪಿನ ಮೇಲೆ ಬದಲಿ ರೆಕ್ಕೆಗಳು ಸದಾ ಒಣಗುತ್ತಿರುತ್ತವೆ.

ಚೇತಕ್ಕನ್ನೇ ಹಾರಿಸಬೇಕು ಅನ್ನುವ ಆಸೆ ಅವಳಿಗೆ ಹೋಗಿಲ್ಲ, ಹೋಗಬಾರದು ಕೂಡ. ಅದಕ್ಕೆ ರಬ್ಬರ್ ಬಿಟ್ಟು ಬ್ಯಾಟರಿಗೆ ಹೋಗಬೇಕು. ಚಿಕ್ಕ ರಿಮೋಟ್ ಹೆಲಿಕಾಪ್ಟರುಗಳಲ್ಲಿ ಮೇಲಿನ ರೋಟರಿಗೆ ಒಂದು ಮೋಟಾರ್, ಬಾಲದ ತುದಿಗೆ ಇನ್ನೊಂದು ಪುಟ್ಟ ಮೋಟಾರ್ ಇರುತ್ತದೆ, ಒಡಲು ತಿರುಗಿದ್ದನ್ನು ಗೈರೊ ಅನ್ನೋ ಪುಟ್ಟ ಸಾಧನ ಗಮನಿಸಿ ಬಾಲದ ಮೋಟಾರಿನ ವೇಗ ಬದಲಾಯಿಸುತ್ತಾ ಇರುತ್ತದೆ. ಅಂಥದ್ದರ ಒಳಗಿನ ಯಂತ್ರ ತೆಗೆದು ಬಾಲ್ಸಾ ಒಡಲು ತೊಡಿಸಬಹುದು. ಒಡಲು ಮಾತ್ರ ಕಾ-26ರ ಹಾಗೆ ಕಡ್ಡಿ ಮತ್ತು ಕಾಗದದ್ದೇ ಆಗಬೇಕು, ಮತ್ತು ಯಂತ್ರವನ್ನು ಕೈಗೆ ತಗೊಂಡು ಅದರ ಮೇಲೆ ಇನ್ನೂ ಎಷ್ಟು ಗ್ರಾಂ ಹೊರುತ್ತದೆ ಅಂತ ಬಾಟಲಿ ಮತ್ತು ತಕ್ಕಡಿ ಇಟ್ಟು ಅಳೆದ ಮೇಲೆಯೇ ನಕ್ಷೆ ಬರೆಯೋಕೆ ಕೂರಬೇಕು.